ಬೀಳದೆ ಹೋದ ಏಟು

ದೊಡ್ಡಉಳ್ಳಾರ್ತಿಯಲ್ಲಿ ಇಬ್ಬರು ಗೆಳೆಯರು ಒಂದೇ ಕೀಲಿಮಣೆಯ ಮುಂದೆ ಕುಳಿತು ಗಣಕಯಂತ್ರದಲ್ಲಿ ಕಾಳಗದ ಆಟವಾಡುತ್ತಿರುವರೆಂದು ಭಾವಿಸೋಣ. ಒಬ್ಬನು ಹೊಡೆತದ ಕೀಲಿಯನ್ನು ಸರಿಯಾಗಿಯೇ ಒತ್ತಿದನು. ಏಟು ಮಾತ್ರ ಬೀಳಲಿಲ್ಲ. ಅವನ ಬೆರಳನ್ನು ದೂರುವ ಮುನ್ನ ನಾವು ಮಣೆಯ ಒಳಗನ್ನು ನೋಡಬೇಕು.

ಮೊಳಕಾಲ್ಮೂರಿನ ಸೀರೆಯ ಹಾಸುಹೊಕ್ಕಿನಂತೆ ಅಲ್ಲಿ ವಿದ್ಯುತ್ತಿನ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ಹರಡಿವೆ. ಅವು ಸಂಧಿಸುವೆಡೆಯಲ್ಲಿ ಒಂದೊಂದು ಕೀಲಿ. ಪ್ರತಿ ಕೀಲಿಗೂ ಬೇರೆ ತಂತಿ ಎಳೆಯುವ ವೆಚ್ಚ ಇದರಿಂದ ಉಳಿಯುತ್ತದೆ. ಜಾಣ ಜಿಪುಣತನವೇ ಸರಿ! ಆದರೆ ಚೌಕವೊಂದರ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದರೆ, ವಿದ್ಯುತ್ತು ಅವುಗಳ ಮೂಲಕ ಸುತ್ತಿ ಹರಿದು, ನಾವು ಮುಟ್ಟದ ನಾಲ್ಕನೆಯದನ್ನೂ ಒತ್ತಿದಂತೆ ತೋರಿಸುತ್ತದೆ. ಈ ಭ್ರಮೆಗೆ ಅಂಜಿ ಅನೇಕ ಅಗ್ಗದ ಮಣೆಗಳು ಮೂರನೆಯ ಕೀಲಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಟು ಸಿಕ್ಕಿಬಿದ್ದದ್ದು ಇಲ್ಲಿಯೇ.

ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಕೀಲಿಕೀಲಿಗೂ ಜೋಡಿಸಿದರೆ ಆ ಸುತ್ತುದಾರಿ ಮುಚ್ಚುತ್ತದೆ. ಅಂಥ ಮಣೆ ದುಬಾರಿ. ಶಿಫ್ಟ್, ಕಂಟ್ರೋಲ್ ಕೀಲಿಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಗೆರೆಗಳಿರುವುದರಿಂದ, ಹೊಡೆತವನ್ನು ಅವುಗಳಿಗೆ ವಹಿಸಿ ನೋಡಬಹುದು.