ಪರದೆಯ ಕಪ್ಪು, ಕಾಡಿನ ಕಪ್ಪು

ಪುಷ್ಯ ಮಾಸದ ಸಂಜೆ ನಾಲ್ಕರ ಹೊತ್ತಿಗೆ ತೆಂಕಣ ಕಿಟಕಿಯಿಂದ ಒಳಬಂದ ಬಿಸಿಲು ಜಗಲಿಯ ನೆಲ ದಾಟಿ, ಮೂಡಣ ಗೋಡೆಯಲ್ಲಿರುವ ಟಿವಿಯ ಮೂಲೆಯನ್ನು ಮುಟ್ಟುತ್ತದೆ. ಶಿರಸಿ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಸೂರ್ಯ ನಡುಹಗಲಿಗೂ ನೆತ್ತಿಗೇರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಏಪ್ರಿಲ್ ಕೊನೆಗೆ ನೆತ್ತಿಯ ಮೇಲೆ ಬರುತ್ತಾನೆ. ಜೂನ್ ಹೊತ್ತಿಗೆ ಬಡಗಣಕ್ಕೆ ಸರಿದಿರುತ್ತಾನೆ, ಆಗ ತೆಂಕಣ ಕಿಟಕಿಗೆ ನೇರ ಬಿಸಿಲೇ ಇಲ್ಲ. ಕಿಟಕಿ ಅದೇ, ಗೋಡೆ ಅದೇ, ಟಿವಿ ಅದೇ. ಆದರೂ ಮಾಗಿಯ ಸಂಜೆ ಬಿಳಿಚಿಕೊಂಡು ಕಾಣುವ ಚಿತ್ರ ವೈಶಾಖದಲ್ಲಿ ತುಂಬಿಕೊಂಡು ಕಾಣುತ್ತದೆ. ದೊಡ್ಡ ಟಿವಿಯ ಬಗ್ಗೆ ತೀರ್ಪು ಕೊಡುವವರು ಅದನ್ನು ಒಂದು ಋತುಚಕ್ರವಾದರೂ ನೋಡಿರಬೇಕು ಎಂದು ನಾನು ನಂಬುವುದು ಇದಕ್ಕೇ. ಕೆರೆಯೊಂದನ್ನು ಒಂದೇ ಮಧ್ಯಾಹ್ನ ನೋಡಿ ಅಲ್ಲಿ ಯಾವ ಹಕ್ಕಿ ಬರುತ್ತದೆಂದು ಹೇಳಲು ಬಾರದು.

ಟಿವಿಯನ್ನು ಮೊದಲು ನೋಡಬೇಕಾದ್ದು ಆರಿಸಿದಾಗ. ಆರಿದ ಪರದೆಯಲ್ಲಿ ನಮ್ಮ ಕಿಟಕಿಯ ಸರಳು, ಅಂಗಳದಾಚೆಯ ಅಡಿಕೆ ಮರಗಳ ತಲೆ, ಹಗ್ಗದ ಮೇಲಿನ ಬಟ್ಟೆ ಎಲ್ಲವೂ ಕಾಣುತ್ತವೆ. ಟಿವಿ ಹಾಕಿದರೂ ಇವು ಎಲ್ಲಿಗೂ ಹೋಗುವುದಿಲ್ಲ. ಚಿತ್ರದಲ್ಲಿ ಹಗಲಿದ್ದರೆ ಅಡಗಿರುತ್ತವೆ, ಕತ್ತಲೆ ಬಂದ ಕೂಡಲೇ ಮೇಲೆ ಬರುತ್ತವೆ. ನುಣುಪಾದ ಪರದೆ ಕನ್ನಡಿಯಂತೆ ಪ್ರತಿಬಿಂಬವನ್ನು ಇದ್ದಲ್ಲೇ ತೋರಿಸುತ್ತದೆ. ಮಂಕು ಲೇಪದ ಪರದೆ ಅದನ್ನು ಒಡೆದು ಹರಡುತ್ತದೆ, ಆಗ ಕಿಟಕಿಯ ಆಕಾರ ಅಳಿದು ತೆಳು ಮಂಜು ಉಳಿಯುತ್ತದೆ. ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಟಿವಿ ಬರಬೇಕಾದ ಜಾಗದಲ್ಲಿ ಯಾರಾದರೂ ಒಂದು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಲಿ, ನೀವು ಕೂರುವ ಜಾಗದಲ್ಲಿ ಕೂತು ನೋಡಿ. ಕನ್ನಡಿಯಲ್ಲಿ ಕಂಡದ್ದೇ ಮುಂದೆ ನಿಮ್ಮ ಚಿತ್ರಗಳ ಮೇಲೂ ಕೂರುತ್ತದೆ.

ನಮ್ಮ ಮನೆಯದು 55 ಇಂಚಿನದು. ಈ ಅಳತೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ 68. ಫೋರ್‌ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ, ಒಟ್ಟು 83 ಲಕ್ಷಕ್ಕೆ ಸ್ವಲ್ಪ ಕಡಿಮೆ. ಈ ಅಗಲಕ್ಕೆ ಹಂಚಿದರೆ ಒಂದೊಂದು ಚುಕ್ಕೆಗೆ ಮಿಲಿಮೀಟರಿನ ಮೂರರಲ್ಲೊಂದು ಪಾಲೂ ಸಿಗುವುದಿಲ್ಲ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು. ಆ ಲೆಕ್ಕದಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಆಚೆ ಹೋದರೆ ಚುಕ್ಕೆಗಳು ಒಂದರಲ್ಲೊಂದು ಕರಗುತ್ತವೆ. ಹಳೆಯ ಫುಲ್ ಎಚ್‌ಡಿಯಾದರೆ ಇದೇ ಅಳತೆಯ ಪರದೆಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಬೇಕು. ನಾಲ್ಕು ಮೀಟರ್ ಆಚೆಯ ಗೋಡೆಗೊರಗಿ ಕೂರುವವರಿಗೆ ಎರಡೂ ಒಂದೇ. ಪರದೆ ಕಣ್ಣಿನ 30 ಡಿಗ್ರಿಯಷ್ಟು ಜಾಗ ತುಂಬಬೇಕೆಂಬುದು ಬಹುಕಾಲದ ಶಿಫಾರಸು. ನಮ್ಮ ಟಿವಿಗೆ ಅದು ಎರಡೂಕಾಲು ಮೀಟರ್. ನನ್ನ ಬೆತ್ತದ ಕುರ್ಚಿ ಈಗ ಇರುವುದು ಅಲ್ಲೇ.

ಇಲ್ಲಿ ಕೂತಾಗ ದೊಡ್ಡ ಪರದೆಯ ನಿಜವಾದ ಲಾಭ ತಿಳಿಯುತ್ತದೆ. ಸಣ್ಣ ಪರದೆಯಲ್ಲಿ ಇಡೀ ಚಿತ್ರ ಒಂದೇ ನೋಟಕ್ಕೆ ದಕ್ಕುತ್ತದೆ. ದೊಡ್ಡದರಲ್ಲಿ ಕಣ್ಣು ಹುಡುಕಬೇಕು. ಜಿಂಕೆಗಳ ಹಿಂಡನ್ನು ನೋಡುತ್ತಿದ್ದರೆ ಲಂಟಾನ ಪೊದೆಯ ಬುಡದಲ್ಲಿ ಅಲುಗಿದ ಕಿವಿ ತಪ್ಪಿಹೋಗುತ್ತದೆ. ಮರುದಿನ ಅದೇ ದೃಶ್ಯ ಹಾಕಿದಾಗ ಕಿವಿ ಕಾಣುತ್ತದೆ, ಆದರೆ ಅಷ್ಟರಲ್ಲಿ ಮೇಲಿನ ಕೊಂಬೆಯ ಕಾಜಾಣ ಹಾರಿರುತ್ತದೆ. ಕಾಡಿನಲ್ಲಿ ಕಣ್ಣು ಮಾಡುವ ಕೆಲಸ ಇದೇ. ಈ ಕೆಲಸವನ್ನು ಮನೆಯೊಳಗೆ ಇಷ್ಟು ಚೆನ್ನಾಗಿ ಮಾಡಿಸುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ದುಡ್ಡು ಕೊಟ್ಟು ದೊಡ್ಡದನ್ನು ತರುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಕಪ್ಪಿನ ವಿಚಾರ ದೊಡ್ಡದು. ನಮ್ಮ ಜಿಲ್ಲೆಯ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿವೆ, 2011ರಲ್ಲಿ ಆ ಕಾಡನ್ನು ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ. ದಟ್ಟ ನೆರಳಿನಲ್ಲಿ ಕೂತಾಗ ಮೊದಲು ಕಾಣುವುದು ಕೇಸರ ಮಾತ್ರ. ನಿಧಾನಕ್ಕೆ ಕಣ್ಣು ಪಳಗಿ ಭುಜ, ಬೆನ್ನು, ಬಾಲದ ಕುಚ್ಚು ಒಂದೊಂದಾಗಿ ನೆರಳಿನಿಂದ ಬೇರೆಯಾಗುತ್ತವೆ. ಆ ಕಪ್ಪಿನೊಳಗೂ ಹೊಳಪಿದೆ, ಕಂದು ಛಾಯೆ ಇದೆ, ಕೂದಲ ಎಳೆ ಇದೆ. ಟಿವಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಅಂಗಡಿಯಲ್ಲಿ ಎಲ್‌ಇಡಿ ಎಂದು ಮಾರುವುದು ಹೆಚ್ಚಿನಂಶ ಎಲ್‌ಸಿಡಿ ಪರದೆಯೇ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತವೆ, ಮುಂದಿನ ದ್ರವಸ್ಫಟಿಕದ ಪದರ ಬೆಳಕನ್ನು ತಡೆದು ಚಿತ್ರ ಮಾಡುತ್ತದೆ. ಈ ತಡೆ ಪೂರ್ತಿಯಲ್ಲ, ಬೆಳಕು ಸ್ವಲ್ಪ ಸೋರುತ್ತದೆ. ಐಪಿಎಸ್ ಬಗೆಯ ಪ್ಯಾನೆಲ್‌ನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅನುಪಾತ ಸಾಮಾನ್ಯವಾಗಿ 1000ಕ್ಕೆ 1ರ ಆಸುಪಾಸು. ವಿಎ ಬಗೆಯದರಲ್ಲಿ 3000 ಮತ್ತು ಅದಕ್ಕೂ ಮೇಲೆ. ಐಪಿಎಸ್‌ನಲ್ಲಿ ರಾತ್ರಿಯ ಕಾಡು ನೀಲಿಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೆ ಜಗಲಿಯ ತುದಿಯಲ್ಲಿ ಕೂತವರಿಗೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ವಿಎಯಲ್ಲಿ ಕಪ್ಪು ಗಟ್ಟಿ, ಪಕ್ಕದಿಂದ ನೋಡಿದರೆ ಮಾತ್ರ ಚಿತ್ರ ತೊಳೆದಂತಾಗುತ್ತದೆ. ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ, ಪ್ರತಿ ಚುಕ್ಕೆ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಬೆಂಗಳೂರಿನ ಅಣ್ಣನ ಮನೆಯಲ್ಲಿ ಅಂಥದೊಂದಿದೆ. ದೀಪ ಆರಿಸಿ ರಾತ್ರಿಯ ದೃಶ್ಯ ನೋಡುವಾಗ ಅದರ ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಆದರೆ ಸುದ್ದಿ ವಾಹಿನಿಯ ಲಾಂಛನದಂಥ ಕದಲದ ಗುರುತು ವರ್ಷಗಟ್ಟಲೆ ಒಂದೇ ಕಡೆ ಉರಿದರೆ ಆ ಚುಕ್ಕೆಗಳು ಬೇಗ ಸವೆದು ನೆರಳು ಉಳಿಯುವ ಅಪಾಯ ಅದಕ್ಕಿದೆ. ದಿನವಿಡೀ ಒಂದೇ ಚಾನೆಲ್ ಹಾಕಿಡುವ ಮನೆಗೆ ಅದು ಹೇಳಿದ್ದಲ್ಲ.

ನಡುವಿನ ದಾರಿಯೂ ಒಂದಿದೆ. ಹಿಂದಿನ ದೀಪಗಳನ್ನು ತುಂಡು ತುಂಡಾಗಿ ವಿಭಾಗಿಸಿ, ಚಿತ್ರದಲ್ಲಿ ಕತ್ತಲಿರುವ ಕಡೆ ಮಂಕು ಮಾಡುವುದು. ವಿಭಾಗಗಳು ಕಡಿಮೆಯಿದ್ದರೆ ಸಿಂಗಳೀಕದ ಕೇಸರದ ಸುತ್ತ ಬೆಳಕಿನ ಬಳೆಯೊಂದು ಮೂಡುತ್ತದೆ, ಅದು ತಲೆ ತಿರುಗಿಸಿದರೆ ಬಳೆಯೂ ತಿರುಗುತ್ತದೆ. ಅದಕ್ಕಿಂತ ಹಾನಿಕರವಾದ ದೋಷ ಇನ್ನೊಂದು. ಕಪ್ಪು ಗಟ್ಟಿಯಾಗಿ ಕಾಣಲೆಂದು ಕೆಲವು ಟಿವಿಗಳು ನೆರಳಿನೊಳಗಿನ ವಿವರವನ್ನೇ ನುಂಗಿಬಿಡುತ್ತವೆ. ಬೆನ್ನಿಲ್ಲ, ಭುಜವಿಲ್ಲ, ಕೇಸರ ಮಾತ್ರ ತೇಲುತ್ತದೆ. ಬೂದಿಯಾದ ಕಪ್ಪನ್ನು ನಾನು ಸಹಿಸಬಲ್ಲೆ, ಪ್ರಾಣಿಯನ್ನು ಅಳಿಸಿಹಾಕುವ ಕಪ್ಪನ್ನು ಸಹಿಸಲಾರೆ.

ಬಣ್ಣದ ಬಗ್ಗೆ ನೆರೆಮನೆಯ ಅಜ್ಜ ಒಂದೇ ಮಾತಿನಲ್ಲಿ ಹೇಳಿದ್ದರು. ಹೊಸ ಟಿವಿ ಇನ್ನೂ ವಿವಿಡ್ ಎಂಬ ಸೆಟ್ಟಿಂಗ್‌ನಲ್ಲೇ ಇತ್ತು. ಎಲೆ ಬಾಯಿಗಿಟ್ಟುಕೊಂಡು ಕೂತವರು ಪರದೆಯ ತೋಟವನ್ನು ನೋಡಿ, “ಇಷ್ಟು ಹಸ್ರು ತೋಟ ಎಲ್ಲಿದ್ದು ಮಾರಾಯ?” ಎಂದರು. ಇಡೀ ಆಯುಷ್ಯ ಅಡಿಕೆ ತೋಟದಲ್ಲಿ ಕಳೆದ ಕಣ್ಣು ಅದು. ಅಂಗಡಿಯ ಟ್ಯೂಬ್‌ಲೈಟ್‌ಗಳ ನಡುವೆ ಪಕ್ಕದ ಟಿವಿಗಿಂತ ಎದ್ದು ಕಾಣಲೆಂದು ಮಾಡಿದ ಸೆಟ್ಟಿಂಗ್ ವಿವಿಡ್. ಅದರಲ್ಲಿ ಬಿಳಿ ನೀಲಿಗೆ ತಿರುಗಿರುತ್ತದೆ. ಚಿತ್ರ ಮಾಡುವವರು ಬಣ್ಣ ಹೊಂದಿಸುವುದು ಸುಮಾರು 6500 ಕೆಲ್ವಿನ್‌ನ, ಹಗಲಿನ ಬೆಳಕಿಗೆ ಹತ್ತಿರದ ಬಿಳಿಗೆ. 2019ರಲ್ಲಿ ಟಿವಿ ತಯಾರಕರು ಮತ್ತು ಸಿನಿಮಾದವರು ಒಟ್ಟಾಗಿ ಪ್ರಕಟಿಸಿದ ಫಿಲ್ಮ್‌ಮೇಕರ್ ಮೋಡ್ ಈ ಬಿಳಿಯನ್ನೇ ಕೊಡುತ್ತದೆ. ಅದಿಲ್ಲದ ಟಿವಿಯಲ್ಲಿ ಸಿನಿಮಾ ಮೋಡ್ ಹಾಕಿಕೊಳ್ಳಬಹುದು. ಮೊದಮೊದಲು ಚಿತ್ರ ಹಳದಿಯಾಯಿತು, ಮಂಕಾಯಿತು ಎನಿಸುತ್ತದೆ. ಕೆಲವು ಸಂಜೆ ತಾಳಬೇಕು. ಆಮೇಲೆ ಹಾವಸೆಯ ಹಸಿರು, ಅಗೆಯ ಹಸಿರು, ಹಲಸಿನ ಎಲೆಯ ಕರಿಹಸಿರು ಬೇರೆಬೇರೆಯಾಗಿ ನಿಲ್ಲುತ್ತವೆ.

ನನ್ನ ಇನ್ನೊಂದು ಅಳತೆಗೋಲು ಸೀಳುನಾಯಿ. ವನ್ಯಜೀವಿ ಛಾಯಾಗ್ರಾಹಕ ಜೋಡಿ ಕೃಪಾಕರ-ಸೇನಾನಿ ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದ ಈ ಪ್ರಾಣಿಯ ಮೈಬಣ್ಣ ಇಟ್ಟಿಗೆಗೂ ಒಣ ಜಂಬುಮಣ್ಣಿಗೂ ನಡುವಿನದು. ವಿವಿಡ್‌ನಲ್ಲಿ ಅದು ಕಿತ್ತಳೆಯಾಗುತ್ತದೆ. 2020ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ವೂ ಇಂಥ ಪರೀಕ್ಷೆಗೆ ಒದಗುತ್ತದೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ನಿರೂಪಿಸಿದ ಈ ಚಿತ್ರವನ್ನು ಫೋರ್‌ಕೆಯಲ್ಲೇ ತೆಗೆದಿದ್ದಾರೆ. ಆಫ್ರಿಕದ ಹುಲ್ಲುಗಾವಲು ಸರಿಯಾದ ಬಣ್ಣದಲ್ಲಿದೆಯೇ ಎಂದು ಹೇಳಲು ನನಗೆ ಆಧಾರವಿಲ್ಲ. ನಮ್ಮ ಕಾಡಿನ ಮಣ್ಣು, ನಮ್ಮ ಮಳೆಗಾಲದ ಆಕಾಶ ಹಾಗಲ್ಲ. ಟಿವಿ ಪರೀಕ್ಷಿಸುವವರು ತಾವು ಕಾಲಿಟ್ಟ ಜಾಗದ ಚಿತ್ರವನ್ನೇ ಹಾಕಿ ನೋಡಬೇಕು. ಒಂದು ಬಣ್ಣವನ್ನು ಮಾತ್ರ ಯಾವ ಟಿವಿಯಿಂದಲೂ ನಿರೀಕ್ಷಿಸಬಾರದು. ಮಿಂಚುಳ್ಳಿಯ ನೀಲಿ ಬಣ್ಣದ ಕಣದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಬಗೆಯಿಂದ ಹುಟ್ಟಿದ್ದು. ಹಕ್ಕಿ ಕೊಂಚ ಹೊರಳಿದರೂ, ಮೋಡ ಕವಿದರೂ ಅದರ ಹೊಳಪು ಬೇರೆ.

ಚಲನೆಯ ವಿಚಾರದಲ್ಲಿ ನಾನು ನಿಷ್ಠುರ. ಚಿತ್ರ ನಯವಾಗಿ ಸಾಗಲೆಂದು ಇಂದಿನ ಟಿವಿಗಳು ಎರಡು ಫ್ರೇಮ್‌ಗಳ ನಡುವೆ ತಾವೇ ಲೆಕ್ಕಹಾಕಿ ಹೊಸ ಫ್ರೇಮ್ ತುಂಬುತ್ತವೆ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆದ ದೃಶ್ಯ 50, 100 ಆಗುತ್ತದೆ. ಕ್ರಿಕೆಟ್ಟಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪುಬಿಳಿ ಮಿಂಚುಳ್ಳಿಯ ದೃಶ್ಯದಲ್ಲಿ, ಆ ಹಕ್ಕಿ ಎಂದೂ ಹಿಡಿಯದ ರೆಕ್ಕೆಯ ಭಂಗಿಯನ್ನು ಟಿವಿ ಸೃಷ್ಟಿಸುತ್ತದೆ, ಗರಿಯ ತುದಿಯಲ್ಲಿ ನೀರು ಕಲಸಿಕೊಳ್ಳುತ್ತದೆ. ಕ್ಯಾಮೆರಾದವರು ದಿನಗಟ್ಟಲೆ ಮರೆಯಲ್ಲಿ ಕೂತು ಹಿಡಿದದ್ದಕ್ಕೆ ಯಂತ್ರ ಊಹೆಯನ್ನು ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಸೆಟ್ಟಿಂಗ್‌ನಲ್ಲಿ ಮೋಷನ್ ಎಂದು ಬರೆದಿರುವ ಕಡೆ ಹೋಗಿ ಅದನ್ನು ಆರಿಸಿಬಿಡಬೇಕು.

ಮೃಗಶಿರಾ ಮಳೆ ಹಿಡಿದ ಮೇಲೆ ಬೇರೆ ಬಗೆಯ ನೋಟ. ಡಿಶ್‌ಗೆ ಬರುವ ಉಪಗ್ರಹದ ಅಲೆಗಳು 12 ಗಿಗಾಹರ್ಟ್ಸ್ ಆಸುಪಾಸಿನವು, ದಪ್ಪ ಹನಿಯ ಮಳೆ ಅವನ್ನು ಹೀರಿ ಚದುರಿಸುತ್ತದೆ. ಆಕಾಶ ಕಪ್ಪಾಗಿ ಮಳೆ ಹೊಯ್ಯುವ ಮುನ್ನವೇ ಚಿತ್ರ ಒಡೆಯಲು ಶುರುವಾದರೆ, ಅಲೆ ಬರುವ ದಿಕ್ಕಿನಲ್ಲಿ ಎಲ್ಲೋ ಆಗಲೇ ಹುಯ್ಯುತ್ತಿದೆ ಎಂದರ್ಥ. ಮಳೆಯಿಲ್ಲದ ದಿನವೂ ನೀರಿನ ದೃಶ್ಯ ಸುಲಭವಲ್ಲ. ಪ್ರಸಾರಕ್ಕಾಗಿ ಚಿತ್ರವನ್ನು ಕುಗ್ಗಿಸುವಾಗ ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಕಳಿಸಿ ಜಾಗ ಉಳಿಸುತ್ತಾರೆ. ಸುದ್ದಿ ಓದುವವರ ಹಿಂದಿನ ಗೋಡೆ ಬದಲಾಗುವುದಿಲ್ಲ. ತುಂಬಿದ ಜೋಗದಲ್ಲಿ ಬದಲಾಗದ ಒಂದು ಚುಕ್ಕೆಯೂ ಇಲ್ಲ. 253 ಮೀಟರ್ ಧುಮುಕುವ ನೀರು ಚೌಕ ಚೌಕವಾಗಿ ಬೀಳುತ್ತದೆ. ಈ ದೋಷ ಟಿವಿಯದಲ್ಲ, ಬಂದ ಸರಕಿನದು. ಅದೇ ಜಲಪಾತವನ್ನು ಯಾರಾದರೂ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರೆ ಅದೇ ಪರದೆಯಲ್ಲಿ ನೀರಿನ ಎಳೆಗಳು ಬಿಡಿಬಿಡಿಯಾಗಿ ಇಳಿಯುತ್ತವೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಇಂಥ ಪೆನ್‌ಡ್ರೈವ್ ಇರಬೇಕು. ಅಂಗಡಿಯವರು ಹಾಕುವ ಹಣ್ಣು, ಹೂವು, ನಗರದ ದೀಪಗಳ ಚಿತ್ರದಲ್ಲಿ ಎಲ್ಲ ಟಿವಿಯೂ ಚೆಂದ.

ಟಿವಿಗೆ ಬರುವ ಜೀವಿಗಳ ಬಗ್ಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬೇರೆ ಪುಟಗಳೇ ಇವೆ. ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳುಗಳು ಜಗಲಿಗೆ ನುಗ್ಗಿದಾಗ ಹೆಚ್ಚಿನವು ಟ್ಯೂಬ್‌ಲೈಟ್‌ಗೆ ಹೋಗುತ್ತವೆ, ಟಿವಿಗೆ ಕಡಿಮೆ. ಟಿವಿಯ ಬೆಳಕಿನಲ್ಲಿ ಹುಳುಗಳ ಕಣ್ಣಿಗೆ ಹಿಡಿಸುವ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆಯಿರುವುದು ಕಾರಣವಿರಬೇಕು. ಆಕಾಶದ ದೃಶ್ಯ ಬಂದಾಗ ಪರದೆಯ ಮೇಲೆ ಹಾತೆಗಳು ಹೆಚ್ಚುತ್ತವೆ, ಕತ್ತಲ ದೃಶ್ಯಕ್ಕೆ ಚದುರುತ್ತವೆ. ಹಲ್ಲಿ ಮೇಲಿನ ಚೌಕಟ್ಟಿನಲ್ಲಿ ಕಾದಿರುತ್ತದೆ. ಅದನ್ನು ಪೊರಕೆಯಿಂದ ಓಡಿಸಬಾರದು. ಎಲ್‌ಸಿಡಿಯ ಹೊರಮೈ ಸಾಮಾನ್ಯವಾಗಿ ಗಾಜಲ್ಲ, ಮೃದುವಾದ ಪೊರೆ. ಹಲ್ಲಿಯ ಪಾದ ಅದಕ್ಕೆ ಏನೂ ಮಾಡದು, ಪೊರಕೆಯ ಕಡ್ಡಿ ಗೀರಿಬಿಡುತ್ತದೆ. ನೆಗೆಯುವ ಜೇಡವೊಂದು ಪರದೆಯಲ್ಲಿ ಓಡಾಡುವ ಸಣ್ಣ ಆಕೃತಿಗಳನ್ನು ತಿರುಗಿ ತಿರುಗಿ ನೋಡುತ್ತದೆ, ಒಮ್ಮೊಮ್ಮೆ ಹಾರುತ್ತದೆ. 1990ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಜೇಡಗಳಿಗೆ ಪುಟ್ಟ ಟಿವಿಯಲ್ಲಿ ಬೇಟೆ ಮತ್ತು ಸಂಗಾತಿಯ ಚಿತ್ರ ತೋರಿಸಿ, ಅವು ನಿಜವಾದವನ್ನು ಕಂಡಂತೆಯೇ ವರ್ತಿಸುವುದನ್ನು ದಾಖಲಿಸಿದ್ದರು. ಹಕ್ಕಿಗಳಿಗೆ ಈ ಚಿತ್ರ ಇಷ್ಟು ನಿಜವೆನಿಸಲಾರದು. ಅವುಗಳ ಕಣ್ಣಿಗೆ ನಾಲ್ಕು ಮೂಲಬಣ್ಣ, ಟಿವಿ ಕೊಡುವುದು ನಮ್ಮ ಕಣ್ಣಿನ ಲೆಕ್ಕದ ಮೂರು ಮಾತ್ರ.

ಬೇಸಿಗೆಯಲ್ಲಿ ಕುಂಬಾರ ಹುಳ ಟಿವಿಯ ಹಿಂದಿನ ಎಚ್‌ಡಿಎಂಐ ತೂತಿಗೆ ಮಣ್ಣು ಮೆತ್ತುತ್ತದೆ. ಬಳಸದ ತೂತುಗಳಿಗೆ ಟೇಪು ಅಂಟಿಸಿಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗಿನ ಜೊತೆ ಡಿಶ್ಶಿನ ಕೇಬಲ್ಲನ್ನೂ ಬಿಚ್ಚಬೇಕು, ಸಿಡಿಲಿಗೆ ಆ ದಾರಿಯೂ ಸಾಕು.

ಧ್ವನಿಯ ವಿಷಯದಲ್ಲಿ ತೆಳ್ಳನೆಯ ಟಿವಿಗಳೆಲ್ಲ ಬಡವು. ಸಿಳ್ಳಾರ ಹಕ್ಕಿಯ ಹಾಡು ಚೆನ್ನಾಗಿಯೇ ಕೇಳುತ್ತದೆ, ಅದು ಸಣ್ಣ ಸ್ಪೀಕರಿಗೆ ಎಟುಕುವ ಎತ್ತರದ ಸ್ವರ. ಮಂಗಟ್ಟೆ ತಲೆಯ ಮೇಲೆ ಹಾರಿಹೋಗುವಾಗಿನ ರೆಕ್ಕೆಯ ಭಾರದ ಸದ್ದು ಬರುವುದಿಲ್ಲ. ಆನೆಗಳ ಗುಡುಗುಡು ಇನ್ನೂ ಕೆಳಗಿನದು. ಅವು ನಮ್ಮ ಕಿವಿಗೆ ನಿಲುಕದ ತಗ್ಗು ಸ್ವರದಲ್ಲಿ ಮಾತಾಡುವುದನ್ನು ಪ್ರಾಣಿಗಳ ಧ್ವನಿ ಸಂಶೋಧಕಿ ಕೇಟಿ ಪೇನ್ 1984ರಲ್ಲಿ ಅಮೆರಿಕದ ಮೃಗಾಲಯವೊಂದರಲ್ಲಿ ಮೊದಲು ಗುರುತಿಸಿದರು, ಅದೂ ಎದೆಗೆ ತಟ್ಟಿದ ಕಂಪನದಿಂದ. ಅಷ್ಟು ತಗ್ಗನ್ನು ಮನೆಯ ಯಾವ ಸ್ಪೀಕರೂ ಪೂರ್ತಿ ಕೊಡದು. ಆದರೆ ಅದರ ಮೇಲಿನ, ನಮಗೆ ಕೇಳುವ ಪದರವನ್ನಾದರೂ ಹಿಡಿಯಲು ಬೇರೆ ವೂಫರ್ ಬೇಕು. ಪುನರ್ವಸು ಮಳೆ ಹೆಂಚಿನ ಮೇಲೆ ಬೀಳುವ ದಿನಗಳಲ್ಲಿ ಅದೂ ಕೇಳಿಸುವುದಿಲ್ಲ. ಹಾಗಾಗಿ ವೂಫರನ್ನು ದೀಪಾವಳಿಯ ನಂತರ ತರುವುದೆಂದು ಮಾಡಿದ್ದೇನೆ, ಒಳಗೋಡೆಯ ಬದಿಯಲ್ಲಿ ತೇವ ತಾಗದ ಜಾಗ ನೋಡಿಟ್ಟಿದ್ದೇನೆ.