ಕಿವಿಗೂ ಮನಸ್ಸಿಗೂ ನಡುವಿನ ಭಾಷೆ

ಧಾರವಾಡದ ಬೆಳಗಾವಿ ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು ಜನ ಡಿಮ್ಹಾನ್ಸ್ ಎನ್ನುತ್ತಾರೆ. ಮುಂಬೈ ಪ್ರಾಂತ್ಯದ ಆಡಳಿತವಿದ್ದಾಗ, 1845ರಲ್ಲಿ, ಹುಚ್ಚಾಸ್ಪತ್ರೆಯೆಂದು ಶುರುವಾದದ್ದೇ ಇದರ ಮೂಲ. ಅದೇ ಊರಿನ ಕೆಲಗೇರಿಯಲ್ಲಿ ಜೆಎಸ್ಎಸ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಅಲ್ಲಿ ನಡೆಯುವುದು ಕಿವಿ ಮತ್ತು ಮಾತಿಗೆ ಸಂಬಂಧಿಸಿದ ಕೆಲಸ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಎರಡಕ್ಕೂ ಬೇರೆಬೇರೆ ವಿಭಾಗಗಳಿವೆ. ಹೀಗೆ ಅವಳಿ ನಗರದಲ್ಲಿ ಕಿವಿಗೂ ವೈದ್ಯರುಂಟು, ಮನಸ್ಸಿಗೂ ವೈದ್ಯರುಂಟು. ಕಿವುಡ ಹುಡುಗನೋ ಹುಡುಗಿಯೋ ಮನಸ್ಸಿನೊಳಗಿನದನ್ನು ಹೇಳಿಕೊಳ್ಳಬೇಕಾದಾಗ ಮಾತ್ರ ಇವೆರಡೂ ಸಾಲುವುದಿಲ್ಲ. ನಡುವೆ ಒಂದು ಭಾಷೆ ಬೇಕಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ಶ್ರವಣನಷ್ಟ ಇರುವವರು ಕಿವುಡರು. 60ರಿಂದ 70 ಡೆಸಿಬೆಲ್ ಇರುವವರು ಮಂದಶ್ರವಣದವರು. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ಜನರಿಗೆ ಶ್ರವಣದೋಷ ದಾಖಲಾಗಿದೆ. ಡೆಸಿಬೆಲ್ ಅಳೆಯುವುದು ಕಿವಿಯನ್ನಷ್ಟೆ. ಒಂದೇ ಪ್ರಮಾಣದ ಕಿವುಡಿರುವ ಇಬ್ಬರಲ್ಲಿ ಒಬ್ಬಳು ಲವಲವಿಕೆಯಿಂದ ಓಡಾಡಿಕೊಂಡಿರಬಹುದು, ಇನ್ನೊಬ್ಬಳು ಕೋಣೆ ಬಿಟ್ಟು ಹೊರಬಾರದಿರಬಹುದು. ಈ ವ್ಯತ್ಯಾಸಕ್ಕೆ ಅಧ್ಯಯನಗಳು ಮುಖ್ಯವಾಗಿ ಬೊಟ್ಟು ಮಾಡುವುದು ಮನೆಯತ್ತ.

ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಮನೆಯವರ ಭಾಷೆ ಮಗುವಿಗೆ ಕೇಳಿಸುವುದಿಲ್ಲ, ಮಗುವಿಗೆ ಒಗ್ಗುವ ಭಾಷೆ ಮನೆಯವರಿಗೆ ಬರುವುದಿಲ್ಲ. ಊಟ, ನೀರು, ನಿದ್ದೆಗೆ ಮನೆಮಟ್ಟಿಗೆ ಕೆಲವು ಸನ್ನೆಗಳು ಹುಟ್ಟಿಕೊಳ್ಳುತ್ತವೆ. ಅವುಗಳಿಂದ ಹಸಿವನ್ನು ಹೇಳಬಹುದು, ಅವಮಾನವನ್ನು ಹೇಳಲಾಗದು. ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ. ಏನೆಂದು ಕೇಳಿದರೆ ಕೈಯಾಡಿಸಿ ‘ಏನಿಲ್ಲ ಬಿಡು’ ಎನ್ನುತ್ತಾರೆ. ಹೇಳುವವರಿಗೆ ಅದು ಕ್ಷಣದ ಮಾತು. ಹದಿನೈದು ವರ್ಷ ದಿನವೂ ಅದನ್ನೇ ಕಂಡ ಮಗುವಿಗೆ ತಾನು ತಿಳಿಯಬೇಕಾದದ್ದು ಯಾವುದೂ ಇಲ್ಲ ಎಂಬ ತೀರ್ಪು. ಸಂಬಂಧದೊಳಗಿನ ಮದುವೆಗಳು ಹೆಚ್ಚಿರುವ ಉತ್ತರ ಕರ್ನಾಟಕದಲ್ಲಿ ಒಂದೇ ಮನೆಯಲ್ಲಿ ಇಬ್ಬರು ಮೂವರು ಕಿವುಡ ಮಕ್ಕಳಿರುವುದೂ ಉಂಟು. ಹಿರಿಯರಿಗೆ ಅದು ಇಮ್ಮಡಿ ದುಃಖ. ಮಕ್ಕಳಿಗೆ ಮಾತ್ರ ಸನ್ನೆಗೆ ಸನ್ನೆಯಲ್ಲೇ ಉತ್ತರ ಕೊಡುವ ಜೊತೆಗಾರರು ಸಿಕ್ಕಂತೆ, ಮತ್ತು ಅದು ಸಣ್ಣ ಸಂಗತಿಯಲ್ಲ.

ಹೆಸರಿನದೂ ಇಂಥದೇ ಕಥೆ. ಓಣಿಯಲ್ಲಿ ಕೆಪ್ಪ, ಮೂಗ ಎಂಬುದೇ ಎಷ್ಟೋ ಜನರ ಕರೆಯುವ ಹೆಸರು. ಗಂಟಲಿಗೆ ಏನೂ ಆಗಿಲ್ಲದಿದ್ದರೂ ಕಿವುಡನನ್ನು ಮೂಗನೆಂದು ಕೂಗುವುದು ಕನ್ನಡದ ಹಳೆಯ ಅನ್ಯಾಯ. ಆದರೆ ಕಿವುಡರ ಶಾಲೆಗೋ ಸಂಘಕ್ಕೋ ಸೇರಿದವರಿಗೆ ಅಲ್ಲಿನ ಕಿವುಡ ಗೆಳೆಯರು ಇನ್ನೊಂದು ಹೆಸರಿಡುತ್ತಾರೆ. ಗಲ್ಲದ ಮಚ್ಚೆ, ಗುಂಗುರು ಕೂದಲು, ನಗುವ ರೀತಿ ಹೀಗೆ ಏನಾದರೊಂದನ್ನು ಹಿಡಿದು ಮಾಡಿದ ಸನ್ನೆ ಹೆಸರು ಅದು. ಒಬ್ಬ ವ್ಯಕ್ತಿಯನ್ನು ನಿಟ್ಟಿಸಿ ನೋಡಿದವರು ಮಾತ್ರ ಇಡಬಹುದಾದ ಹೆಸರು. ಸನ್ನೆ ಭಾಷೆಯನ್ನೂ ಸಮುದಾಯವನ್ನೂ ತಮ್ಮದೆಂದುಕೊಂಡ ಕಿವುಡ ಯುವಜನರಲ್ಲಿ ಆತ್ಮಗೌರವ ಹೆಚ್ಚಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಮಂದಶ್ರವಣದವರ ಕಷ್ಟ ಬೇರೆ. ಅವರು ಎರಡೂ ದಡಕ್ಕೆ ಸೇರುವುದಿಲ್ಲ. ಕಿವಿಯ ಮಷಿನ್ ಕಾಣದಂತೆ ಕೂದಲು ಇಳಿಬಿಡುವುದು, ಕೇಳಿಸದಿದ್ದರೂ ತಲೆಯಾಡಿಸುವುದು, ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುವುದು ಅವರಿಗೆ ರೂಢಿಯಾಗಿಬಿಡುತ್ತದೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುವುದೂ ಸುಲಭವಲ್ಲ. ಪರಿ, ಬರಿ, ಮರಿ ಮೂರೂ ತುಟಿಯ ಮೇಲೆ ಒಂದೇ. ಕಕಾರ ಗಕಾರಗಳು ತುಟಿಗೆ ಬರುವುದೇ ಇಲ್ಲ. ದಿನವಿಡೀ ಹೀಗೆ ಊಹಿಸುತ್ತಲೇ ಇರುವವರು ಸಂಜೆಗೆ ಬಳಲಿ, ಯಾರೂ ಬೇಡವೆಂದು ಒಂಟಿಯಾಗಿ ಕೂತರೆ ಅದು ಹಟವಲ್ಲ, ಆಯಾಸ.

ಖಿನ್ನತೆ, ಆತಂಕ ಕಿವುಡರಲ್ಲಿ ಹೆಚ್ಚು ಎಂಬುದರಲ್ಲಿ ಸಂಶೋಧಕರಿಗೆ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಚಿಕಿತ್ಸೆಯ ಕೋಣೆಯಲ್ಲಿ ಆಗುವ ಎಡವಟ್ಟುಗಳು ಅಷ್ಟು ಚರ್ಚೆಯಾಗಿಲ್ಲ. ಮನೋವೈದ್ಯರು ರೋಗಿಯ ಮಾತಿನ ಓಟ, ದನಿಯ ಏರಿಳಿತ, ಮುಖಭಾವ ನೋಡಿ ಅಂದಾಜು ಮಾಡುತ್ತಾರೆ. ಸನ್ನೆ ಭಾಷೆಯಲ್ಲಿ ಹುಬ್ಬು ಏರಿಸುವುದು, ಕೆನ್ನೆ ಉಬ್ಬಿಸುವುದು ವ್ಯಾಕರಣ. ತಿಳಿಯದವರಿಗೆ ಅದು ಉದ್ರೇಕದಂತೆ ಕಾಣುತ್ತದೆ. ಪ್ರಶ್ನೆ ಅರ್ಥವಾಗದಾಗ ತಲೆಯಾಡಿಸುವ ಹಳೆಯ ರೂಢಿ ಇಲ್ಲಿ ‘ಹೌದು’ ಎಂದು ದಾಖಲಾಗಿಬಿಡಬಹುದು. ಆತ್ಮಗೌರವ ಅಳೆಯಲು 1965ರಿಂದ ಬಳಕೆಯಲ್ಲಿರುವ ರೋಸೆನ್‌ಬರ್ಗ್ ಮಾಪನದ ಹತ್ತು ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಟ್ಟರೂ ತೊಡಕು ತಪ್ಪುವುದಿಲ್ಲ, ಏಕೆಂದರೆ ಸನ್ನೆಯಲ್ಲಿ ಬೆಳೆದವರಿಗೆ ಬರಹದ ಕನ್ನಡ ಎರಡನೆಯ ಭಾಷೆ. ಇನ್ನು ಅವ್ವನೇ ದುಭಾಷಿಯಾಗಿ ಪಕ್ಕದಲ್ಲಿ ಕೂತರೆ, ಅವ್ವನ ಮುಂದೆ ಹೇಳಲಾಗದ್ದನ್ನು ಮಗಳು ಹೇಗೆ ಹೇಳಿಯಾಳು?

ಭಾಷೆ ಬೇಗ ಸಿಕ್ಕಷ್ಟೂ ಒಳಿತು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರರೊಳಗೆ ಖಚಿತ ಪತ್ತೆ, ಆರರೊಳಗೆ ತರಬೇತಿ ಆರಂಭ ಎಂಬುದು ಜಗತ್ತಿನ ತಜ್ಞರು ಒಪ್ಪಿದ ಲೆಕ್ಕ. ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಈಗ ಸರ್ಕಾರದ ನೆರವಿದೆ. ಆದರೆ ಮಷಿನ್ ಹಾಕಿಸಿದ ಮೇಲೆ ಸನ್ನೆ ಬಿಡಿಸಬೇಕು ಎಂಬ ಹಟ ಅನೇಕ ಮನೆಗಳಲ್ಲಿದೆ. ಇದು ಹೊಸದಲ್ಲ, ಕಿವುಡರ ಶಿಕ್ಷಣ ಕುರಿತ 1880ರ ಮಿಲಾನ್ ಸಮ್ಮೇಳನ ಶಾಲೆಗಳಿಂದ ಸನ್ನೆಯನ್ನು ಹೊರಗಟ್ಟಲು ನಿರ್ಣಯಿಸಿದಾಗಿನಿಂದ ಬಂದ ತಪ್ಪು. ಸನ್ನೆ ಕಲಿತ ಮಗು ಮಾತು ಕಲಿಯುವುದಿಲ್ಲ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ ಹತ್ತು ಸಾವಿರ ಪದಗಳ ನಿಘಂಟನ್ನು ಸಿದ್ಧಪಡಿಸಿದೆ. ಮೊಬೈಲಿನಲ್ಲೇ ಅದನ್ನು ನೋಡಿ ಅಪ್ಪ, ಅವ್ವ, ಅಕ್ಕ, ಅಣ್ಣ ಎಲ್ಲರೂ ಕಲಿಯಬಹುದು.

ಮಾನಸಿಕ ನೆರವಿಗೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್‌ನ ಸಂಖ್ಯೆ 14416. ಆರಂಭದಲ್ಲಿ ಅದು ಬರೀ ದನಿಯ ಕರೆಯಾಗಿತ್ತು. ಕಿವುಡರಿಗೆ ಬಾಗಿಲಿಲ್ಲದ ಮನೆ. 2024ರಲ್ಲಿ ಅದಕ್ಕೆ ವಿಡಿಯೊ ಸಮಾಲೋಚನೆ ಸೇರಿತು, ಮೊದಲ ಪ್ರಯೋಗದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪರದೆಯ ಆಚೆ ಕೂತವರಿಗೆ ಸನ್ನೆ ಬಂದರೆ ಮಾತ್ರ ಅದು ಕಿವುಡರಿಗೂ ಉಪಯೋಗಕ್ಕೆ ಬರುತ್ತದೆ.