ಚುಕ್ಕಿ ಮಾಯವಾದ ಮೇಲೆ

ಐದನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮೀನಿನ ಮೈಮೇಲೆ ಒಂದೂ ಚುಕ್ಕಿ ಇರಲಿಲ್ಲ. ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು ಹಾಕಿದ ಆಹಾರವನ್ನೆಲ್ಲ ತಿಂದವು. ಅಂಗಡಿಯಿಂದ ತಂದು ಸುರಿದ ಔಷಧ ಕೆಲಸ ಮಾಡಿತೆಂದು ಮನೆಮಂದಿಗೆಲ್ಲ ಹೇಳಿದೆ. ಹನ್ನೊಂದನೆಯ ದಿನ ಚುಕ್ಕಿಗಳು ಮರಳಿದಾಗ ಎಣಿಸುವಂತಿರಲಿಲ್ಲ, ಮೈತುಂಬ ರವೆ ಉದುರಿಸಿದಂತಿತ್ತು. ಹದಿಮೂರನೆಯ ದಿನ ತೊಟ್ಟಿಯಲ್ಲಿ ಜೀವಂತ ಮೀನು ಉಳಿದಿರಲಿಲ್ಲ.

ರಾಯಚೂರಿನಲ್ಲಿ ಕುಳಿತು ಕಡಲ ಮೀನು ಸಾಕುವವರಿಗೆ ಆ ಐದನೆಯ ದಿನದ ನೆಮ್ಮದಿಗಿಂತ ದೊಡ್ಡ ಮೋಸವಿಲ್ಲ. ಕಾರವಾರದ ಕಡಲು ನಮ್ಮೂರಿಂದ 400 ಕಿ.ಮೀ.ಗೂ ಹೆಚ್ಚು ದೂರ. ಮೀನು ಬರುವುದು ಬಹುಪಾಲು ಚೆನ್ನೈನ ಕೊಳತ್ತೂರು ಪೇಟೆಯಿಂದ ಅಥವಾ ಬೆಂಗಳೂರಿನಿಂದ. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಆಮ್ಲಜನಕ ತುಂಬಿದ ಚೀಲದೊಳಗೆ, ಥರ್ಮೋಕೋಲ್ ಡಬ್ಬಿಯಲ್ಲಿ ಮೀನು ಆ ದಾರಿಯಲ್ಲಿ ಬಂದಿಳಿಯುತ್ತದೆ. ಮೀನಿನ ಜೊತೆ ಇನ್ನೇನು ಬಂದಿದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ.

ಕಡಲ ಮೀನಿನ ಬಿಳಿಚುಕ್ಕಿ ರೋಗಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಅದು ಮೀನಿನ ಚರ್ಮದ ಮೇಲ್ಪದರದೊಳಗೆ ಹೊಕ್ಕು 3ರಿಂದ 7 ದಿನ ಅಲ್ಲಿಯೇ ತಿಂದು ಕೊಬ್ಬುತ್ತದೆ. ನಾವು ನೋಡುವ ಚುಕ್ಕಿ ಇದೇ. ಕೊಬ್ಬಿದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ತಳಕ್ಕಿಳಿಯುತ್ತದೆ. ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತಲೂ ಗಟ್ಟಿ ಕವಚ ಕಟ್ಟುತ್ತದೆ. ಕವಚದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಇನ್ನೂರರವರೆಗೆ ಮರಿಗಳಾಗಬಹುದು. ಕೆಲವು ಕವಚ ಮೂರೇ ದಿನಕ್ಕೆ ಬಿರಿಯುತ್ತವೆ, ಕೆಲವು 72 ದಿನದವರೆಗೂ ಕಾಯುತ್ತವೆ. ಹೊರಬಿದ್ದು ಈಜುವ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಸಿಗದಿದ್ದರೆ ಅದರ ಆಯಸ್ಸು ಮುಗಿಯಿತು.

ಔಷಧ ತಾಗುವುದು ಈ ಈಜುವ ಮರಿಗೆ ಮಾತ್ರ. ಚರ್ಮದೊಳಗಿದ್ದಾಗ ಮೀನೇ ಅದಕ್ಕೆ ಹೊದಿಕೆ, ತಳದಲ್ಲಿದ್ದಾಗ ಕವಚವೇ ಕೋಟೆ. ನನ್ನ ಮನೆಯಲ್ಲಿ ಐದನೆಯ ದಿನ ಚುಕ್ಕಿ ಮಾಯವಾಗಿದ್ದು ಔಷಧದಿಂದಲ್ಲ. ಅವು ಮರಿ ಮಾಡಲು ಕೆಳಗೆ ಇಳಿದಿದ್ದವು. ಗುಣವಾಯಿತೆಂದು ನಾನು ಔಷಧ ನಿಲ್ಲಿಸಿದ್ದು, ಅದು ನಿಜವಾಗಿ ಬೇಕಾಗಿದ್ದ ಹೊತ್ತಿನಲ್ಲಿ.

ಇದೇ ಮಾತನ್ನು ಬೇರೆ ರೀತಿಯಲ್ಲಿ ಕೇಳಿದ್ದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಲ್ಲಿ. ನೀರು ಹೆಚ್ಚಾಗಿ ಸವಳು ಜವಳು ಹತ್ತಿದ ನೆಲದಲ್ಲಿ ಹೊಂಡ ತೆಗೆದು ಕಾಟ್ಲಾ, ರೋಹು ಬೆಳೆಯುವವರು ಅಲ್ಲಿದ್ದಾರೆ. ಸಾಕಣೆದಾರರೊಬ್ಬರು ದಂಡೆಯ ಮೇಲೆ ನಿಂತು, “ಮೀನು ಮೈ ತಿಕ್ಕಾಕ ಹತ್ತ್ಯಾವಂದ್ರ ಹೇನು ಬಿದ್ದಾವ ಅಂತ ತಿಳಕೋಬೇಕ್ರಿ” ಎಂದರು. ಮೀನಿನ ಹೇನು ಎಂದರೆ ಆರ್ಗುಲಸ್, ಬಟಾಣಿಯ ಸಿಪ್ಪೆಯಷ್ಟು ಚಪ್ಪಟೆ, ಬರಿಗಣ್ಣಿಗೆ ಕಾಣುವ ಜೀವಿ. ಅದು ಮೊಟ್ಟೆಯಿಡಲು ಮೀನನ್ನು ಬಿಟ್ಟು ಗಟ್ಟಿ ವಸ್ತು ಹುಡುಕುತ್ತದೆ. ಅದಕ್ಕೇ ಅವರು ಹೊಂಡದ ಅಲ್ಲಲ್ಲಿ ಬಿದಿರ ಗಳ ನೆಟ್ಟಿದ್ದರು. ಕೆಲವು ದಿನಕ್ಕೊಮ್ಮೆ ಗಳಗಳನ್ನು ಕಿತ್ತು ದಂಡೆಯ ಮೇಲೆ ಹಾಕಿದರೆ ನಮ್ಮ ಬಿಸಿಲು ಉಳಿದ ಕೆಲಸ ಮಾಡುತ್ತದೆ. ಸಾಲು ಸಾಲಾಗಿ ಅಂಟಿದ ಮೊಟ್ಟೆಗಳು ಅಲ್ಲಿಯೇ ಒಣಗುತ್ತವೆ. ಒಂದು ಹನಿ ವಿಷ ನೀರಿಗೆ ಬೀಳುವುದಿಲ್ಲ. ಪರೋಪಜೀವಿಯ ಅರ್ಧ ಬದುಕು ಮೀನಿನ ಹೊರಗಿದೆ ಎಂದು ಅರಿತವರ ಚಿಕಿತ್ಸೆ ಇದು. ನಾನು ಗಾಜಿನ ತೊಟ್ಟಿಯ ಮುಂದೆ ಕುಳಿತು ಕಲಿಯದ ಪಾಠ ಆ ಗಳಗಳಲ್ಲಿತ್ತು.

ಹೊಸ ಮೀನನ್ನು ನೇರವಾಗಿ ದೊಡ್ಡ ತೊಟ್ಟಿಗೆ ಬಿಡಬಾರದು ಎನ್ನುವುದು ಈ ಕಾರಣಕ್ಕೆ. ಮೊದಲು ಇಡುವ ಪ್ರತ್ಯೇಕ ತೊಟ್ಟಿಗೆ ಹೆಚ್ಚು ದುಡ್ಡು ಬೇಕಿಲ್ಲ. 40 ಲೀಟರಿನ ಪ್ಲಾಸ್ಟಿಕ್ ಟಬ್ಬು, ಏರ್ ಪಂಪು, ಸ್ಪಂಜಿನ ಫಿಲ್ಟರ್, ಮೀನು ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು. ಮರಳು, ಹವಳದ ಚೂರು, ಕಲ್ಲು ಬೇಡ. ಅವು ಔಷಧವನ್ನು ಹೀರುತ್ತವೆ, ಕವಚಕ್ಕೆ ನೆಲೆಯಾಗುತ್ತವೆ. ನೀರಿನದು ನಮ್ಮ ಜಿಲ್ಲೆಯ ಹಳೆಯ ಸಂಕಟ. ದೇವದುರ್ಗದ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸುತನ ಇದೆ. ಕುಡಿಯಲು ಜನ ಶುದ್ಧ ನೀರಿನ ಘಟಕದ 20 ಲೀಟರಿನ ಕ್ಯಾನ್ ತರುತ್ತಾರಲ್ಲ, ಕಡಲ ನೀರು ಬೆರೆಸಲು ಆ ನೀರೇ ಒಳ್ಳೆಯದು. ಕಡಲಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಅಡುಗೆ ಉಪ್ಪು ಸುರಿದರೆ ಆ ನೀರಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಕೂಡಿದ, ಅಕ್ವೇರಿಯಂಗೆಂದೇ ಮಾಡಿದ ಉಪ್ಪು ಬೇಕು.

ಬಿಸಿಲನ್ನು ಮರೆಯುವಂತಿಲ್ಲ. 30 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲ ನೀರು ಹಿಡಿಯುವುದು 6ರ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದ ಮನೆಯಲ್ಲಿ, ಕಿವಿರಿಗೆ ರೋಗ ತಗುಲಿದ ಮೀನಿಗೆ ಆ ಒಂದೂವರೆ ಮಿಲಿಗ್ರಾಂ ಬಲು ದೊಡ್ಡದು. ಬ್ಯಾಟರಿಯ ಏರ್ ಪಂಪು ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಮೊದಲು ಹೇಳುವುದು ಅದಕ್ಕೇ, ಔಷಧದ ಮಾತು ಆಮೇಲೆ.

ರೋಗ ಯಾವುದೆಂದು ಗೊತ್ತಾಗುವುದು ಸೂಕ್ಷ್ಮದರ್ಶಕದಲ್ಲಿ. ದುಬಾರಿ ಯಂತ್ರ ಬೇಡ. ಮಾನ್ವಿ, ದೇವದುರ್ಗದ ಪಿಯು ಕಾಲೇಜುಗಳ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ನೂರು ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕವಿದ್ದರೆ ಸಾಕು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕವರ್ ಸ್ಲಿಪ್ಪಿನ ಅಂಚಿನಿಂದ ತಲೆಯ ಹಿಂದಿನಿಂದ ಬಾಲದ ಕಡೆಗೆ ಮೆಲ್ಲಗೆ ಎಳೆದರೆ ಒಂದಿಷ್ಟು ಲೋಳೆ ಬರುತ್ತದೆ. ಅದನ್ನು ಅದೇ ತೊಟ್ಟಿಯ ಒಂದು ಹನಿ ನೀರಿನೊಂದಿಗೆ ಸ್ಲೈಡಿನ ಮೇಲಿಟ್ಟು ತಕ್ಷಣ ನೋಡಬೇಕು. ಒಣಗಿದರೆ ಜೀವಿಯ ಚಲನೆ ಹೋಯಿತು, ಚಲನೆ ಹೋದರೆ ಅರ್ಧ ಗುರುತು ಹೋದಂತೆ. ಸಿಹಿನೀರಿನ ಬಿಳಿಚುಕ್ಕಿಯ ಜೀವಿ, ಇಕ್ತಿಯೋಫ್ಥಿರಿಯಸ್, ಉರುಳುತ್ತ ಸಾಗುತ್ತದೆ. ಅದರೊಳಗೆ ಕುದುರೆ ಲಾಳದಾಕಾರದ ಕೋಶಕೇಂದ್ರ ಕಾಣುತ್ತದೆ. ಕಡಲಿನದರ ಕೇಂದ್ರ ನಾಲ್ಕು ಮಣಿ ಪೋಣಿಸಿದಂತೆ. ಕಿವಿರಿನ ಚಪ್ಪಟೆ ಹುಳುವಾದ ಡ್ಯಾಕ್ಟೈಲೋಗೈರಸ್ ಜಿಗಣೆಯಂತೆ ಮೈ ಹಿಗ್ಗಿಸಿ ಕುಗ್ಗಿಸುತ್ತದೆ, ತಲೆಯಲ್ಲಿ ನಾಲ್ಕು ಕಪ್ಪು ಕಣ್ಚುಕ್ಕಿ. ಮೊದಲ ಸಲ ಅದನ್ನು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ, ಮೈ ಜುಮ್ಮೆಂದಿತು.

ಗುರುತು ತಪ್ಪಿದರೆ ಏನಾಗುತ್ತದೆ? ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ, ಅದಕ್ಕೆ ಫಾರ್ಮಲಿನ್ ಬೇಕು. ಬಿಳಿಚುಕ್ಕಿಯೆಂದುಕೊಂಡು ತಾಮ್ರದ ಔಷಧ ಹಾಕಿ ಕಾಯುತ್ತ ಕುಳಿತರೆ ಮೀನು ಉಳಿಯದು. ಮೈಮೇಲೆ ಬಂಗಾರದ ಪುಡಿಯಂಥ ಹೊಳಪು, ಏದುಸಿರು, ಪಂಪಿನ ಬಾಯಿಗೆ ಮುಖ ಕೊಟ್ಟು ನಿಲ್ಲುವುದು ಕಂಡರೆ ಅಮೈಲೋಡಿನಿಯಂ. ಅದು ಮೊದಲು ಕಿವಿರನ್ನೇ ಹಿಡಿಯುತ್ತದೆ, ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಇದಕ್ಕೆ ತಾಮ್ರವೇ ಮದ್ದು. ರೆಕ್ಕೆಯ ತುದಿಯಲ್ಲಿ ಹೂಕೋಸಿನಂಥ ಗಂಟು ಬಂದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್. ಅದಕ್ಕೆ ಮದ್ದಿಲ್ಲ, ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ. ಒಳ್ಳೆಯ ನೀರು, ಒಳ್ಳೆಯ ಆಹಾರ ಕೊಟ್ಟರೆ ತಾನಾಗಿ ಹೋಗುತ್ತದೆ.

ತಾಮ್ರದ ಹದ ಬಹಳ ಕಿರಿದು. ಕಡಲ ನೀರಿನಲ್ಲಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ವಾರಗಟ್ಟಲೆ ಒಂದೇ ಸಮ ಇರಬೇಕು. ಕೆಳಗಿಳಿದರೆ ರೋಗ ಉಳಿಯುತ್ತದೆ, ಮೇಲೇರಿದರೆ ಮೀನು ಉಳಿಯುವುದಿಲ್ಲ. ದಿನವೂ ಕಿಟ್ಟಿನಲ್ಲಿ ಅಳೆಯದೆ ಸುರಿಯುವುದನ್ನು ಚಿಕಿತ್ಸೆ ಎನ್ನಲಾಗದು. ಸೀಗಡಿ, ಹವಳ ಇರುವ ತೊಟ್ಟಿಗೆ ಒಂದು ಹನಿಯೂ ಬೀಳಬಾರದು, ಅವು ಸಾಯುತ್ತವೆ. ಹೊಂಡದವರಿಗೂ ಒಂದು ಮಾತು: ಸಿಹಿನೀರಿನಲ್ಲಿ ಮೈಲುತುತ್ತದ ವಿಷ ಎಷ್ಟೆಂಬುದನ್ನು ನೀರಿನ ಕ್ಷಾರೀಯತೆ ನಿರ್ಧರಿಸುತ್ತದೆ. ಅದು ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ತಾಮ್ರದ ಗೊಡವೆಗೇ ಹೋಗಬಾರದು. ಪಕ್ಕದವರ ಕೊಳವೆಬಾವಿ ಹೊಂಡಕ್ಕೆ ಹೊಂದಿದ ಪ್ರಮಾಣವನ್ನು ಕಾಲುವೆ ನೀರಿನ ಹೊಂಡಕ್ಕೆ ಹಾಕಿ ರಾತ್ರೋರಾತ್ರಿ ಮೀನು ತೇಲಿಸಿಕೊಳ್ಳುವ ಅಪಾಯ ಇರುವುದು ಇಲ್ಲಿಯೇ.

ಅಳತೆಗೆ ಇಷ್ಟು ಸೂಕ್ಷ್ಮವಲ್ಲದ ಒಂದು ಮದ್ದಿದೆ, ಅದು ನನಗೆ ಅಚ್ಚುಮೆಚ್ಚು. ಕಡಲ ಮೀನಿಗೆ ಸಿಹಿನೀರು, ಸಿಹಿನೀರಿನ ಮೀನಿಗೆ ಉಪ್ಪು. ಉಷ್ಣತೆ, ಪಿಎಚ್ ಹೊಂದಿಸಿದ ಸಿಹಿನೀರಿನಲ್ಲಿ ಕಡಲ ಮೀನನ್ನು ಐದು ನಿಮಿಷ ಬಿಟ್ಟರೆ, ಅಲ್ಲಿಯವರೆಗೆ ಗಾಜಿನಂತೆ ಕಾಣದೆ ಅಂಟಿದ್ದ ನಿಯೋಬೆನೆಡೀನಿಯಾ ಹುಳುಗಳು ಬೆಳ್ಳಗಾಗಿ ಎಳ್ಳಿನಂತೆ ತಳಕ್ಕೆ ಉದುರುತ್ತವೆ. ನೀರು ಹೊಕ್ಕು ಅವುಗಳ ಪುಟ್ಟ ಮೈ ಉಬ್ಬುತ್ತದೆ, ದೊಡ್ಡ ಮೈಯ ಮೀನು ಅಷ್ಟು ಹೊತ್ತು ತಾಳಿಕೊಳ್ಳುತ್ತದೆ. ಅತ್ತ ಹೊಂಡಕ್ಕೆ ಬಿಡುವ ಮೀನು ಮರಿಗಳನ್ನು ನೂರಕ್ಕೆ ಎರಡು ಮೂರು ಪಾಲು ಉಪ್ಪಿನ ನೀರಲ್ಲಿ ಕೆಲವೇ ನಿಮಿಷ ಅದ್ದಿದರೆ ಒಳಗಿನ ನೀರನ್ನು ಕಳೆದುಕೊಂಡು ಸಾಯುವುದು ಪರೋಪಜೀವಿ. ಮರಿ ಪಕ್ಕಕ್ಕೆ ವಾಲಿದ ಕ್ಷಣ ತೆಗೆದುಬಿಡಬೇಕು, ಗಡಿಯಾರಕ್ಕಿಂತ ಮೀನನ್ನೇ ನೋಡಬೇಕು. ಲಾರಿಯಿಂದ ಮರಿ ಇಳಿಸುವ ಗಡಿಬಿಡಿಯಲ್ಲಿ ಎಷ್ಟೋ ಕಡೆ ಬಿಟ್ಟುಹೋಗುವುದು ಈ ಹತ್ತು ರೂಪಾಯಿಯ ಉಪ್ಪು.

ಹೊರಗಿನಿಂದ ಬಂದ ಮೀನುರೋಗ ಏನು ಮಾಡಬಲ್ಲದೆಂದು ದೇಶ ನೋಡಿದೆ. ಮೈಮೇಲೆ ಕೆಂಪು ಹುಣ್ಣಾಗಿ ಮಾಂಸ ಕೊಳೆಯುವ ಇಯುಎಸ್ ರೋಗ 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿತು. ಕೊರಮೀನು ಹೇಳಹೆಸರಿಲ್ಲದಂತೆ ಸತ್ತ ಕೆರೆಗಳಿದ್ದವು. ವಿದೇಶದಿಂದ ವನ್ನಾಮಿ ಸೀಗಡಿಯ ತಾಯಿಗಳನ್ನು ತರಲು ಅನುಮತಿ ಕೊಟ್ಟಾಗ, 2009ರಲ್ಲಿ ಚೆನ್ನೈನ ನೀಲಾಂಕರೈಯಲ್ಲಿ ಅವಕ್ಕೆಂದೇ ಕ್ವಾರಂಟೈನ್ ಕೇಂದ್ರ ತೆರೆದರು. ಈಗ ಸಾಕಣೆದಾರರೇ ರೋಗದ ಮಾಹಿತಿ, ಚಿತ್ರ ಕಳಿಸಲು 2023ರಲ್ಲಿ ಕೇಂದ್ರ ಸರ್ಕಾರ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ದಶಕಗಳಿಂದ ಮೀನು, ಸೀಗಡಿಗಳ ರೋಗ ಪತ್ತೆಯಲ್ಲಿ ಕೆಲಸ ಮಾಡುತ್ತಿದೆ. ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ನಮ್ಮದೇ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ. ಅದರ ಒಂದು ಸಣ್ಣ ಮೀನುರೋಗ ಪ್ರಯೋಗಾಲಯ ಮಾನ್ವಿಯ ಹೊಂಡಗಳ ಕೈಗೆಟಕುವಷ್ಟು ಹತ್ತಿರ ಇರಬೇಕೆಂಬುದು ನನ್ನ ಆಸೆ.

ಮನೆಯ ದೊಡ್ಡ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಖಾಲಿ ಓಡಿಸಿದೆ. ತಡವಾಗಿ ಬಿರಿಯುವ ಕವಚಗಳಿಗೂ ಮೀನು ಸಿಗದೆ ಹೋಗಲಿ ಎಂದು. ಬರಿ ನೀರಿಗೆ ದೀಪ ಹಾಕಿ ಕಾಯುವುದನ್ನು ಮನೆಯವರು ತಾಳ್ಮೆಯಿಂದ ಸಹಿಸಿದರು. ಈಗ ಮತ್ತೆರಡು ಕ್ಲೌನ್ ಮೀನು ಬಂದಿವೆ. ಈ ಸಲ ಸಮುದ್ರದಿಂದ ಹಿಡಿದವಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ಅವು ಪಡಸಾಲೆಯ ಟಬ್ಬಿನಲ್ಲಿವೆ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ, ತೊಳೆದು ಒಣಗಿಸಿದ ಇನ್ನೊಂದು ಟಬ್ಬಿಗೆ ಅವುಗಳನ್ನು ದಾಟಿಸುತ್ತೇನೆ. ಚರ್ಮದಿಂದ ಉದುರಿದ ಜೀವಿ ಕವಚ ಕಟ್ಟಿ ಬಿರಿಯುವ ಹೊತ್ತಿಗೆ ಮೀನು ಆ ನೀರಿನಲ್ಲಿ ಇರಕೂಡದು. ಈ ಜೀವಿಗಳು ಮೀನನ್ನು ಬಿಡುವುದು ಹೆಚ್ಚಾಗಿ ರಾತ್ರಿಯ ಕತ್ತಲಲ್ಲಿ, ಅದಕ್ಕೇ ದಾಟಿಸಲು ಬೆಳಿಗ್ಗೆಯೇ ಒಳ್ಳೆಯದು. ಇದಕ್ಕೆ ತಾಮ್ರವೂ ಬೇಡ, ಬಾಟಲಿಯೂ ಬೇಡ. ನಾಲ್ಕು ಸಲ ದಾಟಿಸಿದರೆ ಹನ್ನೆರಡು ದಿನ. ಮೊನ್ನೆ ಒಂದರ ರೆಕ್ಕೆಯ ಮೇಲೆ ಎರಡು ಚುಕ್ಕಿ ಇದ್ದವು, ಇವತ್ತು ಇಲ್ಲ. ನಾಳೆ ಬೆಳಿಗ್ಗೆ ಮೂರನೆಯ ದಾಟಿಸುವಿಕೆ. ಹೊಸ ಟಬ್ಬಿನ ನೀರು ಬೆರೆಸಿ ಪಂಪು ಹಾಕಿಟ್ಟಿದ್ದೇನೆ.